ಪಕ್ಕದ ನಿವೇಶನದ ಹೂಗಳು

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಕಡಲು, ಬೆಟ್ಟ, ಪಟ್ಟಣ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನವಿಹಾರ, ಜಲಕ್ರೀಡೆ ಮೊದಲಾದವು ಆ ಪಟ್ಟಿಯಲ್ಲಿ ಬರುತ್ತವೆ. ಎರಡು ಮನೆಗಳ ನಡುವೆ ಕಟ್ಟಡವಿಲ್ಲದೆ ಉಳಿದ ಖಾಲಿ ನಿವೇಶನ ಮಾತ್ರ ಬರುವುದಿಲ್ಲ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ, ಮೂಲೆಯಲ್ಲಿ ಒಡೆದ ಹೆಂಚಿನ ಗುಡ್ಡೆ, ಮಳೆಗೆ ಕಲ್ಲಾಗಿ ಹೋದ ಎರಡು ಸಿಮೆಂಟಿನ ಚೀಲ, ಯಾರೋ ಎಸೆದ ಮುರುಕು ಕುರ್ಚಿ: ಇಂಥ ಜಾಗದ ಮೇಲೆ ಯಾವ ಕವಿ ತಾನೆ ಮನಸ್ಸಿಟ್ಟಾನು? ಆದರೆ ಮೈಸೂರಿನ ನಮ್ಮ ಮನೆಯ ಪಕ್ಕದಲ್ಲಿದ್ದ ಅಂಥದೊಂದು ನಿವೇಶನದಲ್ಲಿ ಅರಳುತ್ತಿದ್ದ ಹೂಗಳ ವಿಷಯವನ್ನೇ ಈ ಸಂಜೆ ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವುಗಳನ್ನು ಗುರುತಿಸಲು ನಾನು ಕಲಿತದ್ದು ನಿವೃತ್ತನಾದ ಮೇಲೆ. ಕಲಿಸಿದವಳು ನನ್ನ ಅಕ್ಕ.

ಮೂವತ್ತೈದು ವರ್ಷ ನಾನು ಕನ್ನಡ ಸಾಹಿತ್ಯದ ಅಧ್ಯಾಪಕನಾಗಿದ್ದೆ. ಹೂವಿನ ವಿಷಯ ನನಗೆ ತಿಳಿಯದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ತರುಣಿಯ ಪಾದ ತಾಕಿದರೆ ಅಶೋಕ ಅರಳುತ್ತದೆ, ಅವಳು ಮದ್ಯವನ್ನು ಮುಕ್ಕುಳಿಸಿದರೆ ಬಕುಳ ಅರಳುತ್ತದೆ ಎಂಬ ಕವಿಸಮಯಗಳನ್ನು ಎಷ್ಟು ತರಗತಿಗಳಲ್ಲಿ ವಿವರಿಸಿದ್ದೇನೋ ಲೆಕ್ಕವಿಲ್ಲ. ಸುರಗಿ, ಪಾದರಿ, ಕೇದಗೆ, ಸಂಪಿಗೆ ಎಂದು ಪಾಠದಲ್ಲಿ ಬಂದ ಹೆಸರುಗಳನ್ನೆಲ್ಲ ನಿರರ್ಗಳವಾಗಿ ಓದಿದ್ದೇನೆ. ಶಿವಪೂಜೆಗೆ ತುಂಬೆಯ ಹೂ ಶ್ರೇಷ್ಠ ಎಂದು ಹೇಳುತ್ತಿದ್ದ ಒಂದು ದಿನ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ತುಂಬೆಯ ಹೂ ಹೇಗಿರುತ್ತದೆ ಸಾರ್?” ಎಂದು ಕೇಳಿದ. “ಬೆಳ್ಳಗೆ, ಚಿಕ್ಕದಾಗಿ ಇರುತ್ತದೆ, ಒಂದು ಬಗೆಯ ಹೂ” ಎಂದೆ. ಹುಡುಗ ಕುಳಿತ. ನಾನು ಮುಂದಿನ ಸಾಲಿಗೆ ಹೋದೆ. “ಒಂದು ಬಗೆಯ ಹೂ” ಎಂಬುದು ತಿಳಿಯದವನು ತಿಳಿದವನಂತೆ ಆಡುವ ಮಾತೆಂಬುದು ಅವನಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಿತ್ತು.

ಆ ಪ್ರಶ್ನೆ ಮತ್ತೆ ನನ್ನ ಮುಂದೆ ಬಂದದ್ದು ಒಂದು ಶಿವರಾತ್ರಿಯಂದು. ಭಾವನವರು ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಎಂಬತ್ತರ ಸಮೀಪದ ವಯಸ್ಸು. ಗ್ಲಾಕೋಮಾ ಎಂಬ ಕಣ್ಣಿನ ಬೇನೆಯಿಂದ ಅವಳಿಗೆ ಈಗ ಬೆಳಕು ನೆರಳುಗಳ ಭೇದವಷ್ಟೇ ತಿಳಿಯುತ್ತದೆ. ಬೆಳಗಿನ ಜಾವವೇ ಎದ್ದು ಸ್ನಾನ ಮುಗಿಸಿ, “ಪಕ್ಕದ ಖಾಲಿ ಜಾಗದಲ್ಲಿ ತುಂಬೆ ಇರಬೇಕು, ನಾಲ್ಕು ಕುಡಿ ತಾರೋ” ಎಂದಳು. ಮೋಟುಗೋಡೆಯನ್ನು ದಾಟಿ ಹೋದೆ. ಮಾಗಿ ಕಳೆದು ನೆಲ ಒಣಗಿದ್ದರೂ, ನಲ್ಲಿಯ ನೀರು ಸೋರುವ ಮೂಲೆಯಲ್ಲಿ ಹಸುರಿತ್ತು. ಬೆಳ್ಳಗೆ, ಚಿಕ್ಕದಾಗಿ ಹೂಗಳೂ ಇದ್ದವು. ಹತ್ತು ಹದಿನೈದು ಕಿತ್ತು ತಂದು ಅವಳ ಅಂಗೈಯಲ್ಲಿಟ್ಟೆ.

ಅಕ್ಕ ಹೂವನ್ನು ಮುಟ್ಟಲಿಲ್ಲ. ತೊಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊರಳಿಸಿದಳು. “ಇದು ತುಂಬೆಯಲ್ಲ ಕಣೋ. ತೊಟ್ಟು ಗುಂಡಗಿದೆ. ತುಂಬೆಯ ಕಡ್ಡಿ ಚೌಕ” ಎಂದಳು. ಅಷ್ಟು ಹೇಳಿ, “ತುಳಸಿಯದೂ ಚೌಕವೇ, ಪುದೀನದ್ದೂ ಚೌಕವೇ. ನೋಡಿಲ್ಲವೇನೋ?” ಎಂದು ಕೇಳಿದಳು. ನಮ್ಮ ಅಂಗಳದಲ್ಲಿ ತುಳಸಿ ಇಲ್ಲದ ದಿನವಿಲ್ಲ. ಅದರ ಕಾಂಡಕ್ಕೆ ನಾಲ್ಕು ಅಂಚುಗಳಿವೆಯೆಂದು ನಾನು ಅರವತ್ತು ವರ್ಷಗಳಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ.

ನಾನು ತಂದಿದ್ದದ್ದು ಕೆಲವು ಕಡೆ ಗಬ್ಬು ಸೇವಂತಿ ಎಂದು ಕರೆಯುವ ಗಿಡ. ಶಾಸ್ತ್ರದಲ್ಲಿ ಅದರ ಹೆಸರು ಟ್ರೈಡ್ಯಾಕ್ಸ್. ಉಷ್ಣವಲಯದ ಅಮೆರಿಕದಿಂದ ಬಂದದ್ದು. ನೆಲಕ್ಕೆ ಹರಡಿಕೊಂಡು, ಉದ್ದನೆಯ ರೋಮಮಯವಾದ ತೊಟ್ಟಿನ ತುದಿಯಲ್ಲಿ ಒಂದೊಂದೇ ಹೂವನ್ನು ದೀಪದಂತೆ ಎತ್ತಿ ಹಿಡಿಯುತ್ತದೆ. ನಡುವೆ ಹಳದಿ, ಸುತ್ತ ನಾಲ್ಕೈದು ಬಿಳಿಯ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಹಲ್ಲು. ಒಂದು ಹೂವೆಂದು ನಾವು ಭಾವಿಸುವುದು ವಾಸ್ತವವಾಗಿ ಹತ್ತಾರು ಕಿರುಹೂಗಳ ಸಭೆ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳದ್ದೂ ಇದೇ ರೀತಿ. ಇದನ್ನು ತುಂಬೆಯೆಂದು ತಂದವನು ಬಿಳಿಯ ಬಣ್ಣವನ್ನು ಮಾತ್ರ ನೋಡಿದ್ದನೇ ಹೊರತು ಹೂವನ್ನು ನೋಡಿರಲಿಲ್ಲ.

ಅಂದು ಎರಡನೆಯ ಸಲ ಹೋಗಿ, ಗಿಡಗಿಡದ ಕಡ್ಡಿಯನ್ನೂ ಬೆರಳಿನಿಂದ ಹೊರಳಿಸುತ್ತ ಹುಡುಕಿದೆ. ಹೆಂಚಿನ ಗುಡ್ಡೆಯ ಹಿಂದೆ ಚೌಕದ ಕಡ್ಡಿ ಸಿಕ್ಕಿತು. ಅಕ್ಕನ ಪೂಜೆ ಆಯಿತು. ನನ್ನ ವಿದ್ಯಾಭ್ಯಾಸವೂ ಅಂದೇ ಮೊದಲಾಯಿತು.

ದಿನಕ್ಕೊಂದು ಗಿಡವೆಂದು ಗೊತ್ತುಮಾಡಿಕೊಂಡೆವು. ಸಂಜೆ ನಾನು ಒಂದು ಕುಡಿಯನ್ನು ತರುವುದು, ಅಕ್ಕ ಪರೀಕ್ಷಿಸಿ ಹೆಸರು ಹೇಳುವುದು, ನಾನು ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಬರೆದುಕೊಳ್ಳುವುದು. ಅವಳ ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಕಡ್ಡಿ: ಗುಂಡೋ ಚೌಕವೋ, ನುಣುಪೋ ಒರಟೋ. ಆಮೇಲೆ ಎಲೆ: ಎದುರುಬದುರಾಗಿ ಹುಟ್ಟಿದೆಯೋ, ಒಂದರ ಮೇಲೊಂದು ಸರದಿಯಂತೆ ಹುಟ್ಟಿದೆಯೋ. ಬಳಿಕ ಎಲೆಯನ್ನು ಜಜ್ಜಿ ಮೂಸುವುದು. ತೊಟ್ಟನ್ನು ಮುರಿದರೆ ಹಾಲು ಬರುವುದೋ ನೀರು ಬರುವುದೋ ಎಂದು ಕೇಳುವುದು. ಹೂವಿನ ಮಾತು ಎಲ್ಲಕ್ಕಿಂತ ಕೊನೆಗೆ. “ಹೂ ಎರಡು ದಿನ ಇರುತ್ತೆ, ಗಿಡ ಆರು ತಿಂಗಳು ಇರುತ್ತೆ. ಹೂವಿಲ್ಲದಾಗ ಗುರುತು ಹಿಡಿಯದವನಿಗೆ ಗಿಡದ ಗುರುತು ಸಿಕ್ಕಿಲ್ಲ ಅಂತಲೇ ಅರ್ಥ” ಎನ್ನುತ್ತಿದ್ದಳು.

ಅಕ್ಕನ ಬಾಲ್ಯ ಕಳೆದದ್ದು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ. ನಾನು ಚಿಕ್ಕಂದಿನಲ್ಲೇ ಓದಿಗೆಂದು ಪಟ್ಟಣ ಸೇರಿದವನು. ಅವಳು ದನ ಕಾಯುತ್ತ, ಸೊಪ್ಪು ಆರಿಸುತ್ತ ಬೆಳೆದವಳು. ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು ಸಲ್ಡಾನ ಮತ್ತು ನಿಕಲ್ಸನ್ ಎಂಬ ಇಬ್ಬರು ವಿದ್ವಾಂಸರು ಸಂಪಾದಿಸಿದ ದೊಡ್ಡ ಇಂಗ್ಲಿಷ್ ಗ್ರಂಥವೊಂದು 1976ರಲ್ಲಿ ಪ್ರಕಟವಾಗಿದೆ. ಗ್ರಂಥಾಲಯದಲ್ಲಿ ಅದನ್ನು ತೆರೆದು ನೋಡಿದೆ. ಸಸ್ಯವನ್ನು ಗುರುತಿಸಲು ಅದರಲ್ಲಿ ಇಬ್ಬಗೆಯ ಪ್ರಶ್ನೆಗಳ ಸಾಲುಗಳಿವೆ: ಹೀಗಿದ್ದರೆ ಈ ದಾರಿ, ಹಾಗಿದ್ದರೆ ಆ ದಾರಿ. ಎಲೆ ಎದುರುಬದುರೋ ಸರದಿಯೋ ಎಂಬಂಥ ಪ್ರಶ್ನೆಗಳೇ ಅಲ್ಲಿಯೂ ಇದ್ದುವು. ಅಕ್ಕನ ಬೆರಳೂ ಆ ಗ್ರಂಥವೂ ಒಂದೇ ಮಾತನ್ನು ಆಡುತ್ತಿದ್ದುವು. ತುಂಬೆಗೆ ಶಾಸ್ತ್ರದಲ್ಲಿ ಲ್ಯೂಕಾಸ್ ಆಸ್ಪೆರ ಎಂದು ಹೆಸರು. ಲ್ಯೂಕಾಸ್ ಎಂಬುದು ಗ್ರೀಕಿನ ಬಿಳುಪೆಂಬ ಮಾತಿನಿಂದ ಬಂದದ್ದು. ಆಸ್ಪೆರ ಎಂದರೆ ಲ್ಯಾಟಿನ್ನಿನಲ್ಲಿ ಒರಟು. ಇದನ್ನು ಅಕ್ಕನಿಗೆ ಹೇಳಿದಾಗ, “ನಿಜವೇ. ಹೂ ಬೆಳ್ಳಗೆ, ಮೈ ಒರಟು. ಅವರೂ ಮುಟ್ಟಿಯೇ ನೋಡಿರಬೇಕು” ಎಂದಳು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೃತಿ. ಅದನ್ನು ನಾನು ಹಾಸ್ಯಕ್ಕಾಗಿ, ಶೈಲಿಗಾಗಿ ಎರಡು ಸಲ ಓದಿದ್ದೆ. ಗಿಡದ ವಿವರ ಬಂದಲ್ಲೆಲ್ಲ ಪುಟ ಮಗುಚಿದ್ದೆ. ಈಗ ಮೂರನೆಯ ಸಲ, ಬಿಟ್ಟ ಪುಟಗಳನ್ನಷ್ಟೇ ಓದಿದೆ.

ನಿವೇಶನಕ್ಕೆ ಹೊತ್ತಿನ ಲೆಕ್ಕವಿದೆಯೆಂದು ಕ್ರಮೇಣ ತಿಳಿಯಿತು. ಬೆಳಗಿನ ಬಿಸಿಲಿಗೆ ನೆಲಕ್ಕಂಟಿದ ನೆಗ್ಗಿಲಿನ ಹಳದಿ ಹೂ ಬಿಡುತ್ತದೆ. ವಿಷ್ಣುಕ್ರಾಂತಿಯ ಹನಿಯಂಥ ನೀಲಿ ಕಾಣುತ್ತದೆ. ಮಧ್ಯಾಹ್ನ ಹೋದವನಿಗೆ ಎರಡೂ ಇಲ್ಲ. ಶ್ರೀಮುದ್ರೆ ಅರಳುವುದು ಹೊತ್ತು ಇಳಿದ ಮೇಲೆ. ಯಾರದೋ ತೋಟದಿಂದ ತಪ್ಪಿಸಿಕೊಂಡು ಬಂದ ಸಂಜೆಮಲ್ಲಿಗೆ ಅದಕ್ಕೂ ಆಮೇಲೆ. ಹೆಸರಿನ ಹಿಂದಿರುವ ನೋಟವೂ ತಿಳಿಯತೊಡಗಿತು. ಕೊಮ್ಮೆ ಗಿಡಕ್ಕೆ ಪುನರ್ನವ ಎಂಬ ಹೆಸರೂ ಉಂಟು. ಅದರ ವಿಗ್ರಹವಾಕ್ಯವನ್ನು ನಾನು ಕರಿಹಲಗೆಯ ಮೇಲೆ ಬರೆದದ್ದುಂಟು. ಬೇಸಗೆಯಲ್ಲಿ ಸುಟ್ಟಂತಾಗಿ ಮಾಯವಾದ ಆ ಗಿಡ ಮೊದಲ ಮಳೆಗೆ ಅದೇ ಬೇರಿನಿಂದ ಮತ್ತೆ ಚಿಗುರಿದ್ದನ್ನು ಕಂಡ ದಿನ ಆ ಸಮಾಸ ನನಗೆ ಬಿಡಿಸಿತು.

ಕನ್ನಡದ ಗಿಡಹೆಸರುಗಳಲ್ಲೇ ಒಂದು ವ್ಯಾಕರಣವಿದೆ. ನೆಲ್ಲಿಯನ್ನು ಹೋಲುವ ಪುಟ್ಟ ಗಿಡ ನೆಲನೆಲ್ಲಿ. ಸಾಸಿವೆಯಂತೆ ತೋರಿ ಸಾಸಿವೆಯಾಗದೆ ಉಳಿದದ್ದು ನಾಯಿಸಾಸಿವೆ. ಮುಟ್ಟಿದರೆ ಮುನಿ ಎಂಬುದಂತೂ ಹೆಸರಲ್ಲ, ಒಂದು ಪೂರ್ಣ ವಾಕ್ಯ. ಪಕ್ಷಾರ್ಥ ಮೊದಲು, ಕ್ರಿಯೆ ಆಮೇಲೆ. ಆ ಗಿಡವೂ ಅಮೆರಿಕದಿಂದ ಬಂದದ್ದೇ. ಅಂದರೆ ಆ ಹೆಸರು ಹಳಗನ್ನಡದ ಆಸ್ತಿಯಲ್ಲ. ಹೊರಗಿನಿಂದ ಬಂದ ಗಿಡವನ್ನು ನಮ್ಮ ಜನ ಮುಟ್ಟಿ ನೋಡಿ, ಅದರ ಸ್ವಭಾವವನ್ನು ಅರಿತು, ಈಚಿನ ಕೆಲವು ಶತಮಾನಗಳಲ್ಲಿ ಕಟ್ಟಿದ ಹೆಸರು. ಅರಿಸಿನ ಉಮ್ಮತ್ತಿಯದೂ ಅದೇ ಕಥೆ. ಅದು ಉಮ್ಮತ್ತಿಯ ಬಂಧುವಲ್ಲ, ಗಸಗಸೆಯ ಬಂಧು, ಮೆಕ್ಸಿಕೋ ಕಡೆಯದು. ಮುಳ್ಳುಮುಳ್ಳಾದ ಎಲೆ, ಹಳದಿಯ ಹೂ, ಮುರಿದರೆ ಹಳದಿಯ ರಸ. ಅದರ ಬೀಜ ಸಾಸಿವೆಯಂತಿರುವುದರಿಂದ ಸಾಸಿವೆ ಎಣ್ಣೆಗೆ ಬೆರಕೆಯಾಗಿ, 1998ರಲ್ಲಿ ದೆಹಲಿಯಲ್ಲಿ ಎಷ್ಟೋ ಜನ ಮೈಬಾವಿನ ರೋಗಕ್ಕೆ ತುತ್ತಾದರು, ಹಲವರು ಸತ್ತರು. ಗಿಡವನ್ನು ಗುರುತಿಸುವುದು ಬರಿಯ ವಿನೋದವಲ್ಲವೆಂದು ಅದನ್ನು ಓದಿದಾಗ ಅನಿಸಿತು. ಆದರೆ ಓದಿದ್ದು ಮನಸ್ಸಿಗೆ ನಾಟುವುದಕ್ಕೆ ಇನ್ನೊಂದು ಪಾಠ ಬೇಕಾಗಿತ್ತು. ಅದೂ ಬಂತು.

ಗಣೇಶನ ಹಬ್ಬದ ಹಿಂದಿನ ಸಂಜೆ. ಪೂಜೆಗೆ ಇಪ್ಪತ್ತೊಂದು ಪತ್ರೆ ಬೇಕಷ್ಟೆ. ಮಾಚಿಪತ್ರೆ ಮಾರುಕಟ್ಟೆಯಲ್ಲಿ ಸಿಕ್ಕಿರಲಿಲ್ಲ. ಏಳು ತಿಂಗಳ ವಿದ್ಯೆಯಿಂದ ಉಬ್ಬಿದ್ದ ನಾನು ಗೋಡೆ ದಾಟಿ ಹೋಗಿ, ಸೀಳುಸೀಳಾದ ಎಲೆಯ ಎಳೆಯ ಗಿಡಗಳನ್ನು ಎರಡು ಹಿಡಿ ಕಿತ್ತು ತಂದೆ. “ಇದೋ ಮಾಚಿಪತ್ರೆ” ಎಂದು ಅಕ್ಕನ ಕೈಗೆ ಕೊಟ್ಟೆ. ಅವಳು ಎಲೆಯನ್ನು ತಿಕ್ಕಿದಳು, ಮೂಸಿದಳು, ಮತ್ತೆ ತಿಕ್ಕಿದಳು. “ಮಾಚಿಪತ್ರೆಯಾದರೆ ವಾಸನೆ ಕೈಗೆ ಹತ್ತಿಕೊಳ್ಳಬೇಕು. ಇದಲ್ಲ. ಇದು ಏನೋ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಇದು ಇರಲಿಲ್ಲ” ಎಂದಳು.

ಇರಲಿಲ್ಲವೆಂಬುದು ಸತ್ಯ. ಅದು ಪಾರ್ಥೇನಿಯಂ. ಜನ ಕಾಂಗ್ರೆಸ್ ಗಿಡವೆನ್ನುವುದು ಇದನ್ನೇ. 1955–56ರ ಸುಮಾರಿಗೆ ಪುಣೆಯಲ್ಲಿ ಗಮನಕ್ಕೆ ಬಂದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ಆಮದಾದ ಗೋಧಿಯೊಡನೆ ಬಂತೆಂದು ಸಾಮಾನ್ಯ ನಂಬಿಕೆ. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನು ಜರಡಿ ಮಾಡುವುದನ್ನು ನಾನೂ ಕಂಡಿದ್ದೇನೆ. ಅಕ್ಕ ಮದುವೆಯಾಗಿ ಊರು ಬಿಟ್ಟದ್ದು 1964ರಲ್ಲಿ. ಬಿಳಿಯ ಹೂ ತಳೆದು ನಿಂತ ಪಾರ್ಥೇನಿಯಮ್ಮನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ. ಹೂ ಬರುವ ಮೊದಲಿನ ಎಳೆಯ ಗಿಡವನ್ನು ನಾನು ಅರಿತಿರಲಿಲ್ಲ. ಹೂವಿಲ್ಲದಾಗ ಗುರುತು ಹಿಡಿಯಬೇಕೆಂದು ಅವಳು ಹೇಳಿದ್ದು ಇದನ್ನೇ.

ಎರಡು ದಿನಗಳಲ್ಲಿ ನನ್ನ ಮಣಿಕಟ್ಟಿನ ಮೇಲೆ ಕೆಂಪು ಗಂಧೆಗಳೆದ್ದವು. ಅದನ್ನು ಸಹಿಸಬಹುದಾಗಿತ್ತು. ಅಕ್ಕನ ಬೆರಳುಗಳು ಊದಿಕೊಂಡು, ತುದಿಗಳು ಬಿರಿದು ನೀರೊಸರತೊಡಗಿದವು. ಅವಳಿಗೆ ಕಣ್ಣೆಂದರೆ ಬೆರಳು. ಬಟ್ಟೆಯ ಮಡಿಕೆ, ಅನ್ನದ ಬಿಸಿ, ಜಪಮಾಲೆಯ ಮಣಿ, ಎದುರಿಗೆ ಕುಳಿತ ಮೊಮ್ಮಗುವಿನ ಮುಖ, ಎಲ್ಲವನ್ನೂ ಅವಳು ನೋಡುತ್ತಿದ್ದದ್ದು ಆ ಹತ್ತು ಬೆರಳುಗಳಿಂದ. ಹೆಸರು ತಿಳಿಯದ ಗಿಡಕ್ಕೆ ಹೆಸರು ಹೇಳಿ ಅವಳ ಕೈಯಲ್ಲಿಟ್ಟವನು ನಾನು. ವೈದ್ಯರು ಮುಲಾಮು ಕೊಟ್ಟು, ಮೂರು ವಾರ ಏನನ್ನೂ ಮುಟ್ಟಕೂಡದೆಂದು ಬಟ್ಟೆ ಸುತ್ತಿದರು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ನಾಲ್ಕನೆಯ ದಿನ ಸಂಜೆ ಅವಳೇ, “ಇವತ್ತು ಏನು ತಂದೆ?” ಎಂದು ಕೇಳಿದಳು. ತಂದೇನು ಪ್ರಯೋಜನವೆಂದೆ. “ನೀನು ಹೇಳು, ನಾನು ಕೇಳುತ್ತೇನೆ” ಎಂದಳು.

ವರ್ಣನೆಯೆಂಬುದನ್ನು ಮೂವತ್ತೈದು ವರ್ಷ ಕಲಿಸಿದವನು ಅಂದು ಮೊದಲ ಸಲ ವರ್ಣಿಸಬೇಕಾಗಿ ಬಂತು. ಗಿಡವೊಂದರ ಕುಡಿಯನ್ನು ಮುಂದಿಟ್ಟುಕೊಂಡು, “ಕೋಮಲವಾದ ಎಲೆಗಳು, ಮನೋಹರವಾದ ಹೊಂಬಣ್ಣದ ಹೂ...” ಎಂದು ಆರಂಭಿಸಿದೆ. “ಅದೆಲ್ಲ ಬೇಡ” ಎಂದಳು ಅಕ್ಕ. “ಎಲೆ ಎದುರುಬದುರೋ, ಸರದಿಯೋ?” ಸರದಿ ಎಂದೆ. “ಆಕಾರ?” ಹೃದಯದಂತೆ, ಅಂಚಿನಲ್ಲಿ ಹಲ್ಲು. “ಮೈ?” ಮಖಮಲ್ಲಿನಂತೆ. “ಹೂ ಎಷ್ಟು ಹೊತ್ತಿಗೆ ಅರಳಿತು?” ನಾಲ್ಕು ಗಂಟೆಗೆ ಅರಳಿತ್ತು, ಬೆಳಗ್ಗೆ ಇರಲಿಲ್ಲ. “ಕಾಯಿ?” ಕಾಯಿ ದುಂಡಗೆ, ಚಪ್ಪಟೆಯಾಗಿ, ಹದಿನೈದು ಇಪ್ಪತ್ತು ಹೋಳುಗಳನ್ನು ಚಕ್ರದಂತೆ ಜೋಡಿಸಿದ ಹಾಗೆ. ಅಕ್ಕನ ಮುಖ ಅರಳಿತು. “ಶ್ರೀಮುದ್ರೆ! ಆ ಕಾಯನ್ನು ನಾವು ಅಂಗೈಗೆ ಒತ್ತಿ ಮುದ್ರೆ ಹಾಕಿಕೊಳ್ಳುತ್ತಿದ್ದೆವು” ಎಂದು ಬಟ್ಟೆ ಸುತ್ತಿದ ಕೈಯನ್ನು ಮುಂದೆ ಚಾಚಿದಳು.

ಆ ಮೂರು ವಾರಗಳಲ್ಲಿ ಹತ್ತು ಗಿಡಗಳನ್ನು ಮಾತಿನಿಂದಲೇ ಅವಳಿಗೆ ಮುಟ್ಟಿಸಿದೆ. ವಿಶೇಷಣಗಳನ್ನು ಒಂದೊಂದಾಗಿ ಕಳಚಿ ಹಾಕಿದೆ. ಸುಂದರ ಎಂದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕಾಯಿ ನೆಲದ ಕಡೆಗೆ ಮುಖಮಾಡಿ ಕಡ್ಡಿಗೆ ಒತ್ತಿಕೊಂಡಿದೆ, ಪಂಚೆಗೆ ಅಂಟಿಕೊಂಡಿತು ಎಂದರೆ ಉತ್ತರಾಣಿ ಎಂದು ಕೂಡಲೇ ಹೇಳುತ್ತಿದ್ದಳು. ಕಾಣದವನಿಗೆ ಕಾಣಿಸಿದರೆ ಅದು ವರ್ಣನೆ. ಅಲಂಕಾರಗ್ರಂಥಗಳಲ್ಲಿ ನಾನು ಓದಿದ ಲಕ್ಷಣಗಳಿಗಿಂತ ಈ ಪರೀಕ್ಷೆ ಕಠಿನವಾದದ್ದು. ನಾನು ಅದರಲ್ಲಿ ಹಲವು ಸಲ ಅನುತ್ತೀರ್ಣನಾದೆ.

ಅಕ್ಕನ ಬೆರಳುಗಳು ವಾಸಿಯಾದವು. ಈಗಲೂ ಹೊಸ ಗಿಡವಾದರೆ ಮೊದಲು ಮಾತು, ಆಮೇಲೆ ಮುಟ್ಟುವುದು ಎಂಬುದು ನಮ್ಮ ಮನೆಯ ನಿಯಮ. ದಿನಚರಿ ಪುಸ್ತಕದಲ್ಲಿ ನಲವತ್ತೊಂದು ಗಿಡಗಳಾದವು. ಮೂವತ್ತನಾಲ್ಕಕ್ಕೆ ಅಕ್ಕ ಹೆಸರು ಕೊಟ್ಟಳು. ಉಳಿದ ಏಳರ ಪುಟಗಳಲ್ಲಿ ವರ್ಣನೆಯಿದೆ, ಹೆಸರಿನ ಜಾಗ ಖಾಲಿಯಿದೆ. ತಿಳಿಯದ್ದಕ್ಕೆ “ಒಂದು ಬಗೆಯ ಹೂ” ಎಂದು ಬರೆದು ತುಂಬಿಸುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ.

ಈ ವರ್ಷ ಆ ನಿವೇಶನ ಮಾರಾಟವಾಯಿತು. ಒಂದು ಬೆಳಗ್ಗೆ ಯಂತ್ರ ಬಂದು ಎರಡು ಗಂಟೆಯೊಳಗೆ ಎಲ್ಲವನ್ನೂ ಬಗೆದು ಹಾಕಿತು. ಮನೆ ಕಟ್ಟುವವರ ಮೇಲೆ ನನಗೆ ದೂರಿಲ್ಲ. ನಮ್ಮ ಮನೆಯೂ ಒಂದು ಕಾಲಕ್ಕೆ ಇಂಥದೇ ನೆಲವಾಗಿತ್ತು. ಸದ್ದು ಕೇಳಿ ಅಕ್ಕ ಜಗುಲಿಗೆ ಬಂದಳು. ಸಂಗತಿಯನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಣ್ಣನ್ನು ಎಲ್ಲಿಗೆ ಒಯ್ಯುತ್ತಾರಂತೆ?” ಎಂದು ಕೇಳಿದಳು. ಊರಾಚೆಯ ಹೊಸ ಬಡಾವಣೆಯ ತಗ್ಗು ತುಂಬಿಸಲು ಎಂದೆ. “ಹಾಗಾದರೆ ತುಂಬೆಯ ಬೀಜವೂ ಅಲ್ಲಿಗೆ ಹೋಗುತ್ತೆ. ಮಳೆ ಬಂದ ಮೇಲೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು” ಎಂದಳು.

ಒಂದು ಸಾಲ ಮಾತ್ರ ಉಳಿದಿದೆ. ಹಿಂದಿನ ಸಾಲಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಆ ಹುಡುಗನಿಗೆ ಈಗ ನಡುವಯಸ್ಸು ದಾಟಿರಬೇಕು, ಎಲ್ಲಿದ್ದಾನೋ ತಿಳಿಯದು. ಬಾನುಲಿಯ ಮುಂದೆ ಕುಳಿತವರಿಗೂ ಕಣ್ಣಿನ ನೆರವಿಲ್ಲ. ನಮ್ಮ ಅಕ್ಕನಂತೆ ನಿಮಗೂ ಮಾತೇ ಬೆರಳು. ಆದ್ದರಿಂದ ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಕೊಟ್ಟು ಮುಗಿಸುತ್ತೇನೆ.

ತುಂಬೆಯ ಗಿಡ ಮೊಣಕಾಲನ್ನು ಮೀರಿ ಬೆಳೆಯುವುದು ಅಪರೂಪ. ಕಡ್ಡಿ ಚೌಕ, ಬೆರಳ ನಡುವೆ ಹೊರಳಿಸಿದರೆ ನಾಲ್ಕು ಅಂಚುಗಳೂ ತಿಳಿಯುತ್ತವೆ. ಮೈಮೇಲೆ ಒರಟು ರೋಮ. ಎಲೆ ಕಿರಿದು, ಉದ್ದ, ಎದುರುಬದುರಾಗಿ ಹುಟ್ಟುತ್ತದೆ, ಜಜ್ಜಿದರೆ ಘಾಟು. ಗೆಣ್ಣುಗಳಲ್ಲಿ ಕಡ್ಡಿಯನ್ನು ಸುತ್ತುವರಿದು ಪುಟ್ಟ ಹಸುರು ಬಟ್ಟಲುಗಳ ಉಂಡೆಯಿರುತ್ತದೆ. ಬಟ್ಟಲಿಗೊಂದು ಹೂ. ಹೂವಿಗೆ ಎರಡು ತುಟಿ: ಮೇಲಿನದು ಚಿಕ್ಕದು, ಮುಸುಕಿನಂತೆ ಬಾಗಿದ್ದು, ರೋಮವುಳ್ಳದ್ದು, ಕೆಳಗಿನದು ಅಗಲವಾಗಿ ಮುಂದಕ್ಕೆ ಚಾಚಿದ್ದು. ಎರಡೂ ಬೆಳ್ಳಗೆ. ಮೆಲ್ಲನೆ ಎಳೆದರೆ ಹೂ ಬಟ್ಟಲಿನಿಂದ ಕಳಚಿ ಕೈಗೆ ಬರುತ್ತದೆ. ಅದರ ಹಿಂತುದಿಯನ್ನು ನಾಲಿಗೆಗೆ ಮುಟ್ಟಿಸಿದರೆ ಸಿಹಿ. ಹೂ ಉದುರಿದ ಮೇಲೆ ಆ ಬಟ್ಟಲಿನ ತಳದಲ್ಲಿ ನಾಲ್ಕು ಪುಟ್ಟ ಬೀಜಗಳು ಉಳಿಯುತ್ತವೆ.